ಮಗುವಿಗೆ ಫ್ರೆಂಚ್ ಮನೆತನದ ಹೆಸರು ಬೇಕೇ? ಹುಡುಕುವುದು ಹೀಗೆ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬೇಡಿ ಅಂತಾರೆ ನಮ್ಮಲ್ಲಿ. ಆದರೆ ಫ್ರಾನ್ಸ್‌ನಲ್ಲಿ, ಹೆಸರಿನ ಮಟ್ಟಿಗಾದರೂ, ಹೊಲಿಸಿ ಇಟ್ಟುಕೊಳ್ಳಲೇಬೇಕು. ಹೆರಿಗೆಯಾದ 5 ದಿನದೊಳಗೆ ಮಗು ಹುಟ್ಟಿದ ಊರಿನ ಪುರಸಭೆಗೆ ಹೋಗಿ ಹೆಸರು ಬರೆಸಬೇಕು. ದಿನ ಮೀರಿದರೆ ಕೋರ್ಟಿಗೆ ಅಲೆಯಬೇಕಾಗುತ್ತದೆ. ನಾಮಕರಣಕ್ಕೆ ಹನ್ನೊಂದನೇ ದಿನವೋ ಮೂರನೇ ತಿಂಗಳೋ ಅಂತ ನಿಧಾನವಾಗಿ ಮಾತಾಡಿಕೊಳ್ಳುವ ಮನೆಯಿಂದ ಹೋದವರಿಗೆ ಇದು ತಲೆಬಿಸಿಯೇ.

ಮನೆಗೆ ಫ್ರೆಂಚ್ ಸೊಸೆ ಬಂದಿರಬಹುದು, ಅಳಿಯ ಕೆನಡಾದಲ್ಲಿ ಫ್ರೆಂಚ್ ಮಾತಾಡುವ ಕ್ವಿಬೆಕ್ ಕಡೆಯವನಿರಬಹುದು. ಅವರ ಕಡೆಯ ನೆನಪು ಮಗುವಿನ ಹೆಸರಲ್ಲಿ ಉಳಿಯಲಿ ಅಂತ ಆಸೆಯಿದ್ದರೆ, ಸುಮ್ನೆ 'ನೂರು ಚೆಂದದ ಫ್ರೆಂಚ್ ಹೆಸರುಗಳು' ಥರದ ಪಟ್ಟಿ ಹಿಡಿದು ಕೂರಬೇಡಿ. ಆ ಪಟ್ಟಿಯಲ್ಲಿರುವುದು ಯಾರದೋ ಮನೆಯ ಹೆಸರು. 1991ರಲ್ಲಿ ಫ್ರಾನ್ಸ್‌ನಲ್ಲಿ ಗಂಡುಮಕ್ಕಳಿಗೆ ಅತಿ ಹೆಚ್ಚು ಇಟ್ಟ ಹೆಸರು ಯಾವುದು ಗೊತ್ತಾ? ಕೆವಿನ್! ಐರ್ಲೆಂಡಿನ ಹೆಸರು. ಮನೆತನದ ಹೆಸರು ಬೇಕಾದರೆ ಆ ಮನೆಯ ಕಾಗದಪತ್ರದಲ್ಲೇ ಹುಡುಕಬೇಕು.

ಮೊದಲು ಮನೆಯ ಹಿರಿಯರನ್ನು ಹಿಡಿಯಿರಿ. ಫ್ರೆಂಚ್ ಕುಟುಂಬಗಳಲ್ಲಿ 'ಲಿವ್ರೆ ದ ಫಮೀಯ್' ಅಂತ ಒಂದು ಸಣ್ಣ ಪುಸ್ತಕ ಇರುತ್ತದೆ. ಮದುವೆಯಾದಾಗ, ಇಲ್ಲವೇ ಮೊದಲ ಮಗು ಹುಟ್ಟಿದಾಗ ಸರ್ಕಾರವೇ ಕೊಡುತ್ತದೆ. ಗಂಡ, ಹೆಂಡತಿ, ಮಕ್ಕಳು ಎಲ್ಲರ ಪೂರ್ತಿ ಹೆಸರೂ ಅದರಲ್ಲಿ ಸಾಲಾಗಿ ಇರುತ್ತವೆ. ಅಜ್ಜಿಯ ಬೀರುವಿನಲ್ಲಿ ಅದು ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಸಿಗದಿದ್ದರೆ ಅವರ ಹುಟ್ಟೂರು ಯಾವುದು, ಅದು ಯಾವ ಜಿಲ್ಲೆ ಅಂತ ಕೇಳಿ ಬರೆದುಕೊಳ್ಳಿ. ಬರೀ 'ಫ್ರಾನ್ಸ್' ಅಂದರೆ ಏನೂ ಸಿಗುವುದಿಲ್ಲ.

ಊರು ಗೊತ್ತಾದ ಮೇಲೆ ಆ ಜಿಲ್ಲೆಯ ದಾಖಲೆ ಭಂಡಾರದ ವೆಬ್‌ಸೈಟ್ ನೋಡಿ. ಹೆಚ್ಚಿನವು ಉಚಿತ. ದೀಕ್ಷಾಸ್ನಾನದ ದಾಖಲೆ ಇಡಬೇಕೆಂದು ಚರ್ಚುಗಳಿಗೆ 1539ರಲ್ಲೇ ರಾಜಾಜ್ಞೆಯಾಗಿತ್ತು, 1792ರಿಂದ ಆ ಕೆಲಸ ಊರಿನ ಆಡಳಿತದ ಪಾಲಿಗೆ ಬಂತು. 75 ವರ್ಷ ದಾಟಿದ ಜನನ ದಾಖಲೆಯನ್ನು ಯಾರು ಬೇಕಾದರೂ ನೋಡಬಹುದು. ಒಂದು ಹಳೇ ಜನನ ದಾಖಲೆ ತೆರೆದರೆ ನಡುವಿನ ಬರಹಕ್ಕಿಂತ ಪಕ್ಕದ ಅಂಚನ್ನು ಮೊದಲು ಓದಿ. ಈ ಮಗು ದೊಡ್ಡದಾಗಿ ಯಾರನ್ನು, ಯಾವ ಊರಲ್ಲಿ ಮದುವೆಯಾಯಿತು ಅನ್ನುವುದನ್ನು 1897ರಿಂದ ಆ ಅಂಚಿನಲ್ಲೇ ಬರೆಯುತ್ತಾ ಬಂದಿದ್ದಾರೆ. ಸಾವಿನ ವಿವರ 1945ರಿಂದ. ಆ ಎರಡು ಸಾಲು ಹಿಡಿದುಕೊಂಡು ಮುಂದಿನ ಊರಿನ ಪುಸ್ತಕಕ್ಕೆ ಹೋಗಬಹುದು, ಹಾಗೆ ಮೂರ್ನಾಲ್ಕು ತಲೆಮಾರು ಸಲೀಸಾಗಿ ಸಿಗುತ್ತದೆ. ಪ್ಯಾರಿಸ್ ಮನೆತನವಾದರೆ ಮಾತ್ರ ಸ್ವಲ್ಪ ಕಷ್ಟ. 1860ಕ್ಕಿಂತ ಹಿಂದಿನ ಅಲ್ಲಿಯ ದಾಖಲೆಗಳು 1871ರ ದಂಗೆಯ ಬೆಂಕಿಯಲ್ಲಿ ಸುಟ್ಟುಹೋದವು. ಆಮೇಲೆ ಒಂದಷ್ಟನ್ನು ಮಾತ್ರ ಮತ್ತೆ ಬರೆಸಿದರು.

ಈಗ ಸಿಕ್ಕ ಹೆಸರುಗಳನ್ನು ಓದುವುದು ಹೇಗೆ ಅಂತ ನೋಡೋಣ. ಜಾಸ್ತಿ ಜನ ಎಡವುವುದು ಇಲ್ಲೇ. ಒಬ್ಬರಿಗೇ ಮೂರು, ನಾಲ್ಕು ಹೆಸರು ಇರುತ್ತವೆ. ಅಜ್ಜ, ಅಜ್ಜಿ, ದೀಕ್ಷಾಸ್ನಾನದಲ್ಲಿ ಮಗುವನ್ನು ಎತ್ತಿಕೊಂಡವರು, ಹೀಗೆ ಯಾರ‍್ಯಾರದೋ ಹೆಸರು ಒಳಗೆ ಬರುತ್ತದೆ. ಫ್ರಾನ್ಸಿನ ಅಧ್ಯಕ್ಷರಾಗಿದ್ದ ಚಾರ್ಲ್ಸ್ ಡಿ ಗಾಲ್ ಅವರ ಪೂರ್ತಿ ಹೆಸರು ಶಾರ್ಲ್ ಆಂದ್ರೆ ಜೋಸೆಫ್ ಮರಿ. ಹೌದು, ಗಂಡಸಿಗೂ ಮೇರಿಮಾತೆಯ ಹೆಸರು, ಅಲ್ಲಿ ಅದು ಮಾಮೂಲು. ಫ್ರಾನ್ಸ್‌ನಲ್ಲಿ ಸಾಮಾನ್ಯವಾಗಿ ಮೊದಲನೆಯದು ಕರೆಯುವ ಹೆಸರು. ಕ್ವಿಬೆಕ್‌ನಲ್ಲಿ ಉಲ್ಟಾ. ಅಲ್ಲಿಯ ಹಳೇ ಚರ್ಚ್ ದಾಖಲೆಗಳಲ್ಲಿ ಗಂಡುಮಕ್ಕಳಿಗೆಲ್ಲ ಮುಂದೆ ಜೋಸೆಫ್, ಹೆಣ್ಣುಮಕ್ಕಳಿಗೆಲ್ಲ ಮರಿ ಅಂತ ಹಾಕುತ್ತಿದ್ದರು, ಕರೆಯುವ ಹೆಸರು ಹೆಚ್ಚಾಗಿ ಕೊನೆಗೆ. 1934ರಲ್ಲಿ ಹುಟ್ಟಿದ, ಮುಂದೆ ಕೆನಡಾದ ಪ್ರಧಾನಿಯಾದ ಜಾನ್ ಕ್ರೆಟಿಯೆನ್ ದಾಖಲೆಯಲ್ಲಿ ಜೋಸೆಫ್ ಜಾಕ್ ಜಾನ್. ಹಾಗಾಗಿ 'ನಮ್ಮ ಮುತ್ತಜ್ಜಂದಿರೆಲ್ಲ ಜೋಸೆಫರೇ' ಅಂತ ಹಿಗ್ಗಿ ಅದನ್ನೇ ಇಟ್ಟುಬಿಡಬೇಡಿ.

ಹೆಸರುಗಳು ಸಪ್ಪೆ ಅನಿಸಿದರೆ ಊರನ್ನೇ ನೋಡಿ. ಫ್ರಾನ್ಸಿನ ಪಶ್ಚಿಮ ತುದಿಯ ಬ್ರಿಟನಿ ಕಡೆಯವರಾದರೆ ಯಾನ್, ಎರ್ವಾನ್, ನೋಲ್ವೆನ್. ಅಲ್ಸಾಸ್ ಕಡೆಯವರಿಗೆ ಓದಿಲ್, ಆ ಸೀಮೆಯನ್ನು ಕಾಯುವ ಸಂತಳ ಹೆಸರು. ರೀಮ್ಸ್ ಊರಿಗೆ ರೆಮಿ. ಹಳ್ಳಿಯ ಚರ್ಚ್ ಯಾವ ಸಂತನದು ಅಂತ ನೋಡಿದರೆ ಆ ಊರಿನ ಮಕ್ಕಳ ಹೆಸರಿನ ಗುಟ್ಟು ಬಯಲಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ಊರದೇವರ ಹೆಸರಿನವರು ಬೀದಿಗೊಬ್ಬರು ಇರುತ್ತಾರಲ್ವಾ, ಹಾಗೇ. ಫ್ರೆಂಚ್ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಸಂತನ ಹೆಸರೂ ಅಚ್ಚಾಗಿರುತ್ತದೆ. ಆಗಸ್ಟ್ 25 ಲೂಯಿ, ಸೆಪ್ಟೆಂಬರ್ 29 ಮಿಶೆಲ್, ಡಿಸೆಂಬರ್ 6 ನಿಕೊಲಾ. ಆ ದಿನ ಆ ಹೆಸರಿನವರಿಗೆ ಫೋನ್ ಮಾಡಿ ಶುಭಾಶಯ ಹೇಳುವ ಅಜ್ಜಿಯರು ಈಗಲೂ ಇದ್ದಾರೆ.

ಆಮೇಲೆ ಹೆಸರಿನ ವಯಸ್ಸು ಪರೀಕ್ಷಿಸಿ. ಫ್ರಾನ್ಸಿನ ಅಂಕಿಅಂಶ ಸಂಸ್ಥೆ ಇನ್ಸೇ, 1900ರಿಂದ ಈಚೆಗೆ ಯಾವ ವರ್ಷ ಯಾವ ಹೆಸರನ್ನು ಎಷ್ಟು ಮಕ್ಕಳಿಗೆ ಇಟ್ಟರು ಅಂತ ಉಚಿತವಾಗಿ ಕೊಡುತ್ತದೆ. ಮೊನೀಕ್, ಜೆರಾರ್, ಬರ್ನಾರ್ ನಮ್ಮ ಕಿವಿಗೆ ಅಪ್ಪಟ ಫ್ರೆಂಚ್. ಅಲ್ಲಿಯವರಿಗೆ ಪಿಂಚಣಿ ತೆಗೆದುಕೊಳ್ಳುವವರ ಹೆಸರು. ಅವಕ್ಕಿಂತಲೂ ಹಳೆಯವಾದ ಲೂಯೀಸ್, ರೋಸ್, ಜೂಲ್, ಲಿಯಾನ್ ಮಾತ್ರ ಮತ್ತೆ ಬಂದಿವೆ. ಅಜ್ಜಿಯ ಹೆಸರು ಹಳತಾಯಿತು ಅನಿಸಿದರೆ ಮುತ್ತಜ್ಜಿಯ ಹೆಸರು ಹೊಸತಾಗಿ ಕಾಣುತ್ತದೆ. ಅಜ್ಜಿಯದನ್ನು ಎರಡನೇ ಹೆಸರಾಗಿ ಇಡಿ. ಅವರಿಗೂ ಖುಷಿ, ಶಾಲೆಯಲ್ಲಿ ಯಾರೂ ಅದನ್ನು ಕೂಗುವುದಿಲ್ಲ.

ಎರಡೂ ಕಡೆಯ ಅಜ್ಜಿಯರಿಂದ ಜೋರಾಗಿ ಹೇಳಿಸಿ ನೋಡಿ. ಫ್ರೆಂಚರ ನಾಲಿಗೆಗೆ 'ಹ' ಬರುವುದಿಲ್ಲ, ಹರ್ಷ ಅಲ್ಲಿ ಅರ್ಷ ಆಗುತ್ತಾನೆ. ಬೆನ್ವಾ (Benoît) ಅನ್ನುವ ಹೆಸರನ್ನು ಬೆಂಗಳೂರಿನ ಹಾಜರಿ ಪುಸ್ತಕ 'ಬೆನಾಯ್ಟ್' ಮಾಡುತ್ತದೆ. ಅಲ್ಲಿಯ ಗಂಡು 'ಝಾಂ' (Jean) ಇಂಗ್ಲಿಷ್ ಬಲ್ಲವರ ಕಣ್ಣಿಗೆ ಹೆಣ್ಣು 'ಜೀನ್'. ಲೀಲಾ, ನೀನಾ, ಮಾಯಾ ಎರಡೂ ಕಡೆ ಸಲೀಸು, ಆದರೆ ಮನೆತನದ ಹೆಸರು ಬೇಕು ಅಂದವರಿಗೆ ಇದು ಅಡ್ಡದಾರಿ ಅಂತಲೇ ನನ್ನ ಅಭಿಪ್ರಾಯ. ಅದಕ್ಕಿಂತ ಒಂದು ಕಡೆಯದು ಮೊದಲ ಹೆಸರು, ಇನ್ನೊಂದು ಕಡೆಯದು ಎರಡನೆಯದು ಮಾಡಿದರೆ ಜಗಳವೇ ಇಲ್ಲ.

ಕೊನೆಗೆ ಕಾನೂನು. 1803ರ ಕಾಯ್ದೆ ಪ್ರಕಾರ ಕ್ಯಾಲೆಂಡರಿನ ಹೆಸರು ಅಥವಾ ಪ್ರಾಚೀನ ಇತಿಹಾಸದ ಹೆಸರು ಮಾತ್ರ ಇಡಬಹುದಿತ್ತು. 1993ರಲ್ಲಿ ಆ ಕಟ್ಟು ಬಿಚ್ಚಿದರು. ಈಗ ಭಾರತದ ಹೆಸರಿಗೂ ಅಡ್ಡಿಯಿಲ್ಲ. ಮಗುವಿಗೆ ಕೆಡುಕಾಗುತ್ತದೆ ಅನಿಸಿದರೆ ಮಾತ್ರ ಅಧಿಕಾರಿ ಸರ್ಕಾರಿ ವಕೀಲರಿಗೆ ತಿಳಿಸುತ್ತಾರೆ. ವಾಲೆನ್ಸಿಯೆನ್ ಕಡೆ ಒಬ್ಬರು ಮಗಳಿಗೆ ನ್ಯೂಟೆಲ್ಲಾ ಅಂತ ಚಾಕಲೇಟ್ ಡಬ್ಬಿಯ ಹೆಸರಿಟ್ಟು, ನ್ಯಾಯಾಧೀಶರು ಅದನ್ನು 'ಎಲ್ಲಾ' (Ella) ಅಂತ ಬದಲಿಸಿದ್ದು 2015ರಲ್ಲಿ ದೊಡ್ಡ ಸುದ್ದಿಯಾಗಿತ್ತು. ಅಕ್ಷರದ ಮೇಲಿನ ಗೆರೆ, ಚುಕ್ಕಿಗಳ ವಿಷಯದಲ್ಲೂ ಅವರು ಬಿಗಿ. ಬ್ರಿಟನಿಯ 'ಫಾಂಶ್' ಹೆಸರಿನಲ್ಲಿ 'ಎನ್' ಮೇಲೆ ಬರುವ ಪುಟ್ಟ ಅಲೆಗೆರೆಗಾಗಿ ಒಂದು ಕುಟುಂಬ 2018ರವರೆಗೆ ಕೋರ್ಟಿನಲ್ಲಿ ಹೋರಾಡಿ ರೆನ್ ನಗರದಲ್ಲಿ ಗೆದ್ದಿತು. ನಮ್ಮ ಪಾಸ್‌ಪೋರ್ಟಿನಲ್ಲಿ ಆ ಗೆರೆಗಳಿಗೆ ಜಾಗವೇ ಇಲ್ಲ. ಮಗುವಿಗೆ ಭಾರತದ ಪೌರತ್ವ ಬೇಕು ಅಂತಿದ್ದರೆ ಒಂದು ವರ್ಷದೊಳಗೆ ನಮ್ಮ ರಾಯಭಾರ ಕಚೇರಿಯಲ್ಲಿ ನೋಂದಾಯಿಸಬೇಕು. ಅಲ್ಲಿಗೆ ಹೋಗುವಾಗ ಫ್ರೆಂಚ್ ಜನನ ಪತ್ರ ಎದುರಿಗಿಟ್ಟುಕೊಂಡು, ಅದೇ ಸ್ಪೆಲಿಂಗ್, ಹೆಸರುಗಳು ಅದೇ ಸಾಲಿನಲ್ಲಿ, ಹಾಗೇ ತುಂಬಿಸಿ.