ಅತ್ತೆಗೆ ಮರೆವು, ನನಗೆ ಬಿಪಿ: ಪಾಳಿ ಹಚ್ಚಿ ಗೆದ್ದದ್ದು

ಅತ್ತೆಗೆ ಡಿಮೆನ್ಶಿಯಾ, ಅಂದ್ರೆ ಮರೆವಿನ ಕಾಯಿಲೆ. ಅದೇನು ಅಂತ ಬಿಡಿಸಿ ಬರೆಯಲ್ಲ. ಮನೆಯಲ್ಲಿ ನೋಡಿಕೊಳ್ಳುವವರಿಗೆ ಅದು ಗೊತ್ತೇ ಇದೆ. ರಾತ್ರಿ ಪಾಳಿ ಹಚ್ಚೋಣ ಅಂದಾಗ "ಸೊಸಿ ಮನ್ಯಾಗಿದ್ದೂ ಆಯಾ ಯಾಕ ಬೇಕ?" ಅಂದವರೇ ಈಗ ನನ್ನನ್ನು ಕೇಳಿಕೊಂಡು ಹೋಗುತ್ತಿದ್ದಾರೆ.

ನಾವು ಬಾಗಲಕೋಟೆ ನವನಗರದವರು. ಅತ್ತೆ ಬಾಳಿದ ಮನೆ ಆಲಮಟ್ಟಿ ಹಿನ್ನೀರಿಗೆ ಹೋಗಿದೆ. ಹೊತ್ತು ಮುಳುಗಿದರೆ ಸಾಕು, ಸೀರೆಗಳನ್ನು ಗಂಟು ಕಟ್ಟಿಕೊಂಡು "ಮನೀಗೆ ಹೋಗೂಣ ನಡಿಯವ್ವಾ" ಶುರು. ರಾತ್ರಿ ಎರಡಕ್ಕೂ ಚಿಲಕ ಅಲ್ಲಾಡಿಸೋರು. ವರ್ಷದ ಮೇಲಾಯ್ತು, ನನಗೆ ಸರಿಯಾದ ನಿದ್ದೆ ಇರಲಿಲ್ಲ. ಬಿಪಿ 160/100ರ ಆಸುಪಾಸು, ಸೊಂಟನೋವು, ಸುಮ್ ಸುಮ್ನೆ ಅಳು. ಮಾತ್ರೆ ಏರಿಸಿದರೂ ಬಿಪಿ ಇಳಿಯಲಿಲ್ಲ.

ಮಧ್ಯಾಹ್ನ ಮಲಗಿ ನೋಡಿದೆ. ಅತ್ತೆಯೂ ಮಲಗಿಬಿಡೋರು, ರಾತ್ರಿ ಎಚ್ಚರ ಇನ್ನೂ ಜಾಸ್ತಿ. ಒಬ್ಬ ಡಾಕ್ಟರು ಅವರಿಗೆ ನಿದ್ದೆ ಮಾತ್ರೆ ಬರೆದರು. ಮರುದಿನವೆಲ್ಲ ತೂಕಡಿಕೆ, ಬಚ್ಚಲ ಬಾಗಿಲಲ್ಲಿ ಜೋಲಿ ಹೊಡೆದು ಬಿದ್ದರು. ಇನ್ನೊಬ್ಬ ಡಾಕ್ಟರು ಅದನ್ನು ನಿಲ್ಲಿಸಿದರು. ದಿನಪೂರ್ತಿ ನರ್ಸ್‌ಗೆ ತಿಂಗಳಿಗೆ ಇಪ್ಪತ್ತು ಸಾವಿರದ ಮೇಲೆ ಕೇಳಿದರು. ನಮ್ಮ ಕೈಲಿ ಆಗದ ಮಾತು.

ಕೊನೆಗೆ ಹಿಂದಿನ ಓಣಿಯ ಒಬ್ಬ ಅಕ್ಕನನ್ನು ಒಪ್ಪಿಸಿದೆ. ವಾರಕ್ಕೆ ನಾಲ್ಕು ರಾತ್ರಿ, ರಾತ್ರಿಗೆ 350ರ ಹಾಗೆ. ತಿಂಗಳಿಗೆ ಆರು ಸಾವಿರದ ಹತ್ತಿರ. ಉಳಿದ ರಾತ್ರಿಗಳಲ್ಲಿ ಎರಡು ನಮ್ಮ ಮನೆಯವರದು, ಒಂದು ನನ್ನದು. ದುಡ್ಡಿಗೆ ನಾದಿನಿ ಮೊದಲು ಹಿಂದೇಟು ಹಾಕಿದಳು. ಒಂದು ರಾತ್ರಿ ಅವ್ವನ ಹತ್ತಿರ ಮಲಗು ಅಂದೆ. ಬೆಳಗ್ಗೆ ಚಹಾ ಕುಡಿಯುವ ಮೊದಲೇ ಅರ್ಧ ಕೊಡ್ತೀನಿ ಅಂದಳು.

ಪಾಳಿ ಇಲ್ಲದ ರಾತ್ರಿ ಬೇರೆ ಕೋಣೆ, ಬಾಗಿಲು ಹಾಕಿಯೇ ಮಲಗಬೇಕು. ಮೊದಲ ವಾರ ಕಿವಿ ಮಲಗಲೇ ಇಲ್ಲ. ಆಮೇಲೆ ಹತ್ತಿತು ನೋಡಿ ನಿದ್ದೆ!

ಜೊತೆಗೆ ಇನ್ನೊಂದು ಪ್ರಯೋಗ. ಮಧ್ಯಾಹ್ನ ಮೂರು ಗಂಟೆಗೆ ಅತ್ತೆಗೆ ಮೊರದ ತುಂಬ ಜೋಳ ಕೊಡುತ್ತೇನೆ, ಹರಳು ನಾನೇ ಬೆರೆಸಿ. ಎಷ್ಟು ಚೆಂದ ಹಸನ ಮಾಡ್ತಾರೆ ಅಂತೀರಿ! ಮಗನ ಹೆಸರು ಮರೆತ ಆ ಕೈಗೆ ಒಂದು ಹರಳೂ ತಪ್ಪಲ್ಲ. ಕತ್ತಲಾಗುವ ಮೊದಲೇ ಎಲ್ಲ ದೀಪ ಹಚ್ಚುತ್ತೇನೆ. ಗಂಟು ಕಟ್ಟೋದು ಅರ್ಧ ಕಡಿಮೆಯಾಗಿದೆ.

ಅಳು ತಡೆಯದ ರಾತ್ರಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದ್ದೇನೆ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಈಗ ಬಿಪಿ 130/85ರ ಹತ್ತಿರ ಇದೆ, ಡಾಕ್ಟರು ಒಂದು ಮಾತ್ರೆ ತೆಗೆದಿದ್ದಾರೆ.

ದುಡ್ಡು ಹೊಂದದಿದ್ದರೆ ವಾರಕ್ಕೆ ಎರಡು ರಾತ್ರಿಯಾದರೂ ಪಾಳಿ ಹಚ್ಚಿ, ಆದರೆ ಎರಡೂ ಒಂದರ ಹಿಂದೊಂದು ಬರಲಿ. ಬಿಡಿಯಾಗಿ ಒಂದೊಂದು ರಾತ್ರಿ ಮಲಗಿದಾಗ ನನ್ನ ಬಿಪಿ ಕದಲಲೇ ಇಲ್ಲ.