ತಂದೆ-ತಾಯಿಯ ಹೆಸರಿನಲ್ಲಿ ದತ್ತಿ ಇಡುವ ಬಗೆ

ಧಾರವಾಡಕ್ಕೆ ದತ್ತಿ ಹೊಸದಲ್ಲ. 1890ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ದತ್ತಿ ಕಾರ್ಯಕ್ರಮಗಳು ನಡೆಯುತ್ತಲೇ ಇರುತ್ತವೆ. ಆದರೆ ಗತಿಸಿದ ದಂಪತಿಯ ಹೆಸರಿನಲ್ಲಿ ಅವಸರದಿಂದ ಇಟ್ಟ ಕೆಲವು ವಿದ್ಯಾರ್ಥಿವೇತನಗಳು ಇಂದು ನಾಲ್ಕು ನೋಟ್‌ಬುಕ್ಕಿನ ಬೆಲೆಗೆ ಇಳಿದಿರುವುದನ್ನು ಕಂಡು ಇದನ್ನು ಬರೆಯುತ್ತಿದ್ದೇನೆ.

ಮೊದಲು, ಆ ಹಿರಿಯರು ಕಲಿತ ಅಥವಾ ಕಲಿಸಿದ ಸಂಸ್ಥೆಯನ್ನು ಆರಿಸಿ, ಹಣವನ್ನು ಚೆಕ್ಕಿನಲ್ಲಿಯೇ ಕೊಟ್ಟು ರಸೀದಿ ಪಡೆಯಿರಿ.

ಎರಡನೆಯದು ಇಡುಗಂಟು. 5 ಲಕ್ಷ ರೂಪಾಯಿ ಠೇವಣಿಗೆ ಶೇ 7ರಂತೆ ವರ್ಷಕ್ಕೆ 35,000 ರೂಪಾಯಿ ಬಡ್ಡಿ ಬಂದರೆ, 25,000 ಹಂಚಿ, ಉಳಿದ 10,000 ರೂಪಾಯಿಯನ್ನು ಮೂಲಧನಕ್ಕೆ ಸೇರಿಸಬೇಕು. ಸಂಸ್ಥೆಗೆ ಕೊಡುವ ದತ್ತಿಯ ಷರತ್ತಿನ ಪತ್ರದಲ್ಲಿ ಹಂಚುವ ರೂಪಾಯಿಯ ಮೊತ್ತವನ್ನು ಬರೆಯಬೇಡಿ, 'ಬಡ್ಡಿಯ ಏಳು ಪಾಲಿನಲ್ಲಿ ಐದು ಪಾಲು' ಎಂದು ಬರೆಯಿರಿ.

ಮೂರನೆಯದು ಷರತ್ತಿನ ಪತ್ರ. ಹೆಚ್ಚಿನವರು ಎಡವುವುದು ಇಲ್ಲಿಯೇ. 'ಅತಿ ಹೆಚ್ಚು ಅಂಕ ಪಡೆದವರಿಗೆ' ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಆ ವಿದ್ಯಾರ್ಥಿಗೆ ಅದೇ ವೇದಿಕೆಯಲ್ಲಿ ಇನ್ನೂ ಮೂರು ಬಹುಮಾನಗಳಿರುತ್ತವೆ. ದಂಪತಿ ಬದುಕಿದ್ದಾಗ ಯಾರಿಗೆ, ಏನು ಕೊಟ್ಟರೆಂಬುದನ್ನು ನೆನೆದು ಷರತ್ತು ಬರೆಯಬೇಕು. ಗದಗ, ಹಾವೇರಿಯ ಹಳ್ಳಿಗಳಿಂದ ಓದಲು ಬಂದ ಹುಡುಗರಿಗೆ ತಾಯಿ ವಾರಾನ್ನ ಹಾಕಿದ್ದರೆ, ದತ್ತಿಯ ಹಣ ವಸತಿನಿಲಯದ ಊಟದ ಬಿಲ್ಲಿಗೆ ಹೋಗಲಿ. ತಂದೆ ಸದ್ದಿಲ್ಲದೆ ಪರೀಕ್ಷಾ ಶುಲ್ಕ ತುಂಬುತ್ತಿದ್ದರೆ, ಶುಲ್ಕ ಕಟ್ಟಲಾಗದೆ ಓದು ನಿಲ್ಲಿಸುವ ಸ್ಥಿತಿಯಲ್ಲಿರುವವರಿಗೆ ಸಲ್ಲಲಿ. ಒಂದೇ ವಿಷಯಕ್ಕೆ ಕಟ್ಟಿಹಾಕಿದರೆ, ಆ ವಿಭಾಗ ಮುಚ್ಚಿದ ದಿನ ದತ್ತಿಯೂ ನಿಲ್ಲುತ್ತದೆ. ಆದ್ದರಿಂದ 'ಅದಿಲ್ಲದಿದ್ದರೆ ಸಮೀಪದ ವಿಷಯಕ್ಕೆ, ಅರ್ಹರಿಲ್ಲದ ವರ್ಷ ಇಡುಗಂಟಿಗೆ' ಎಂಬ ಸಾಲು ಇರಲೇಬೇಕು. ಪುಣ್ಯತಿಥಿಯಂದೇ ಕೊಡಬೇಕೆಂಬ ಹಟವನ್ನೂ ಬಿಡಿ. ಶುಲ್ಕ ಕಟ್ಟುವ ಕಷ್ಟ ಜೂನ್ ತಿಂಗಳಲ್ಲಿರುವಾಗ ಡಿಸೆಂಬರಿನ ಚೆಕ್ಕು ಯಾರ ಉಪಯೋಗಕ್ಕೆ?

ಹೆಸರಿನ ವಿಷಯದಲ್ಲಿ ನನ್ನದು ಕಟ್ಟುನಿಟ್ಟಿನ ಮಾತು: ಗಂಡನ ಹೆಸರಿನ ಮುಂದೆ 'ದಂಪತಿ' ಎಂದಷ್ಟೇ ಸೇರಿಸಿದರೆ, ನೂರಾರು ಜನರಿಗೆ ರೊಟ್ಟಿ ಬಡಿದು ಹಾಕಿದ ಹೆಣ್ಣುಮಗಳ ಹೆಸರೇ ದಾಖಲೆಯಲ್ಲಿ ಉಳಿಯುವುದಿಲ್ಲ. ಇಬ್ಬರ ಹೆಸರನ್ನೂ ಪೂರ್ಣವಾಗಿ ಬರೆಸಿ.

ಸಮಾರಂಭ ಸರಳವಾಗಿರಲಿ. ಬಣ್ಣ ಸುಲಿಯುವ ಪ್ಲಾಸ್ಟಿಕ್ ಸ್ಮರಣಿಕೆ, ಶಾಲು, ಫ್ಲೆಕ್ಸುಗಳಿಗೆ ಬಡ್ಡಿಯ ಹಣ ಮುಟ್ಟಬಾರದೆಂದು ಪತ್ರದಲ್ಲಿಯೇ ನಮೂದಿಸಿ, ಹಣವನ್ನು ನೇರವಾಗಿ ವಿದ್ಯಾರ್ಥಿಯ ಖಾತೆಗೆ ಹಾಕಿಸಿ.

ಕೊನೆಯದಾಗಿ, ಠೇವಣಿ ಪತ್ರದ ಪ್ರತಿಯನ್ನು ಮನೆಯಲ್ಲಿಟ್ಟುಕೊಂಡು, ಅವಧಿ ಮುಗಿಯುವ ತಿಂಗಳನ್ನು ಅದರ ಮೇಲೆ ದೊಡ್ಡದಾಗಿ ಬರೆದು, ಮೊಮ್ಮಕ್ಕಳಲ್ಲಿ ಒಬ್ಬರಿಗೆ ಒಪ್ಪಿಸಿ.