ಫೇಸ್‌ವಾಶ್‌ನ ನೊರೆಯನ್ನು ಹದಕ್ಕೆ ತಂದ ಬಗೆ: ನನ್ನ ಅನುಭವ

ಫೇಸ್‌ವಾಶ್ ಸೂತ್ರ ರೂಪಿಸುವ ಕೆಲಸಕ್ಕೆ ಇಳಿದ ಹೊಸತರಲ್ಲಿ ನಾನು ನೊರೆ ಬರಿಸಿ ಕೊಳೆ ತೆಗೆಯುವ ಸೋಡಿಯಂ ಲಾರಿಲ್ ಸಲ್ಫೇಟ್ ಒಂದನ್ನೇ ನೆಚ್ಚಿಕೊಂಡಿದ್ದೆ. ಅದರ ಪುಡಿಯನ್ನು ತೂಗುವಾಗ ಏಳುವ ದೂಳು ಮೂಗಿಗೆ ಹೋದರೆ ಸೀನು ನಿಲ್ಲುತ್ತಿರಲಿಲ್ಲ. ಮಾದರಿಗಳನ್ನು ದಿನಕ್ಕೆ ಹತ್ತಾರು ಸಲ ನನ್ನ ಕೈಗೇ ಹಚ್ಚಿ ತೊಳೆದು ನೋಡುತ್ತಿದ್ದುದರಿಂದ ಎರಡೇ ವಾರಗಳಲ್ಲಿ ಬೆರಳುಗಳ ಸಂದಿ ಬಿರಿದು ಉರಿಯತೊಡಗಿತು. ಸಂಶೋಧಕರು ಚರ್ಮವನ್ನು ಬೇಕೆಂದೇ ಕೆರಳಿಸಲು ಬಳಸುವ ವಸ್ತು ಇದೇ ಎಂಬುದು ತಿಳಿದದ್ದು ಆಮೇಲೆ. ಹಾಗೆಂದು ಅದು ಕ್ಯಾನ್ಸರ್ ತರುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಸ್ವಲ್ಪ ಹೊತ್ತು ಬಳಸಿ ಚೆನ್ನಾಗಿ ತೊಳೆದುಬಿಡುವ ಉತ್ಪನ್ನಗಳಲ್ಲಿ ಅದು ಸುರಕ್ಷಿತವೆಂದೂ, ಚರ್ಮದ ಮೇಲೆ ಬಹಳ ಹೊತ್ತು ಉಳಿಯುವವುಗಳಲ್ಲಿ ಶೇ. 1ನ್ನು ಮೀರಬಾರದೆಂದೂ ಅಮೆರಿಕದ ಕಾಸ್ಮೆಟಿಕ್ ಇಂಗ್ರೀಡಿಯೆಂಟ್ ರಿವ್ಯೂ ತಜ್ಞರ ಸಮಿತಿ 1983ರಲ್ಲೇ ಹೇಳಿತ್ತು.

ಸಸ್ಯಮೂಲದ್ದು ಸೌಮ್ಯವೇ ಇರಬೇಕೆಂದು ನಂಬಿ ಬಳಿಕ ಡೆಸಿಲ್ ಗ್ಲುಕೋಸೈಡ್ ಎಂಬ ಇನ್ನೊಂದು ನೊರೆಕಾರಕಕ್ಕೆ ಹೊರಳಿದೆ. ಅದು ತೀವ್ರ ಕ್ಷಾರೀಯವಾಗಿ ಬರುತ್ತದೆ ಎಂಬುದನ್ನು ಓದಿಯೂ ಅಲಕ್ಷಿಸಿದ್ದೆ. ಆ ಬ್ಯಾಚ್‌ನಿಂದ ಮುಖ ತೊಳೆದಾಗ ಚರ್ಮ ಬಿಗಿದುಕೊಂಡು ಕಣ್ಣಂಚು ಉರಿಯಿತು. ಆಮ್ಲ-ಕ್ಷಾರದ ಮಟ್ಟ ತೋರಿಸುವ ಪಿಎಚ್ ಪಟ್ಟಿ ಅದ್ದಿ ನೋಡಿದರೆ ಗಾಢ ನೀಲಿ, ಅಂದರೆ ತೀವ್ರ ಕ್ಷಾರ! ಸಾಲದ್ದಕ್ಕೆ, ಸಂರಕ್ಷಕವಾಗಿ ಹಾಕಿದ್ದ ಸೋಡಿಯಂ ಬೆಂಜೋಯೇಟ್ ಆಮ್ಲೀಯ ದ್ರಾವಣದಲ್ಲಷ್ಟೇ ಸರಿಯಾಗಿ ಕೆಲಸ ಮಾಡುವಂಥದ್ದು.

ಈಗ ಸೋಡಿಯಂ ಲಾರೆತ್ ಸಲ್ಫೇಟ್ ಶೇ. 7, ಕೋಕಾಮಿಡೋಪ್ರೊಪೈಲ್ ಬೀಟೈನ್ ಶೇ. 3 (ಎರಡೂ ನೀರು ಬಿಟ್ಟು ಸಕ್ರಿಯಾಂಶದ ಲೆಕ್ಕದಲ್ಲಿ) ಬೆರೆಸಿ, ಸಿಟ್ರಿಕ್ ಆಮ್ಲದಿಂದ ಪಿಎಚ್ ಅನ್ನು 5.2ಕ್ಕೆ ಇಳಿಸುತ್ತೇನೆ. ಚರ್ಮದೊಳಕ್ಕೆ ಇಳಿದು ಕಾಟ ಕೊಡುವುದು ಹೆಚ್ಚಾಗಿ ಒಂಟಿಯಾಗಿ ತಿರುಗುವ ಸರ್ಫ್ಯಾಕ್ಟಂಟ್ (ಕೊಳೆ ತೆಗೆಯುವ ನೊರೆಕಾರಕ) ಅಣುಗಳು. ಇವೆರಡನ್ನೂ ಕೂಡಿಸಿದಾಗ ಹೆಚ್ಚಿನ ಅಣುಗಳು ಮಿಶ್ರ ಮೈಸೆಲ್‌ಗಳೆಂಬ ಅಣುಗೊಂಚಲುಗಳಲ್ಲಿ ಗುಂಪುಗೂಡಿ, ಒಂಟಿ ಅಣುಗಳ ಸಂಖ್ಯೆ ತಗ್ಗುತ್ತದೆ. ಶೇ. 70ರ ಲಾರೆತ್ ಪೇಸ್ಟ್ ಮಾತ್ರ ತಾಳ್ಮೆ ಬೇಡುತ್ತದೆ: ಪೇಸ್ಟ್‌ಗೆ ನೀರು ಸುರಿದರೆ ಕಲಕುವ ಕಡ್ಡಿಯೇ ನಿಂತುಹೋಗುವಷ್ಟು ಗಟ್ಟಿ ಜೆಲ್ ಆಗುವುದರಿಂದ, ಪೇಸ್ಟನ್ನೇ ನೀರಿಗೆ ಸ್ವಲ್ಪಸ್ವಲ್ಪವಾಗಿ ಬಿಟ್ಟು ನಿಧಾನವಾಗಿ ತಿರುಗಿಸುತ್ತೇನೆ.

ಲಾರೆತ್ ತಯಾರಿಕೆಯಲ್ಲಿ, ಕ್ಯಾನ್ಸರ್‌ಕಾರಕವೆಂದು ಶಂಕಿಸಲಾದ 1,4-ಡಯಾಕ್ಸೇನ್ ಲೇಶವಾಗಿ ಉಳಿಯಬಹುದಾದ್ದರಿಂದ ಪ್ರತಿ ಲಾಟ್‌ಗೂ ಅದರ ಪರೀಕ್ಷಾ ವರದಿ ಕೇಳುತ್ತೇನೆ. ಬೀಟೈನ್ ವಿಷಯದಲ್ಲಿ ಅಂಥ ಎಚ್ಚರ ನನಗಿರಲಿಲ್ಲ. ಮಾದರಿ ಬಳಸಿದ ಸಹೋದ್ಯೋಗಿಯೊಬ್ಬರ ರೆಪ್ಪೆಗಳು ಕೆಂಪೇರಿ ಸಿಪ್ಪೆಯೆದ್ದಾಗ, ಅಲರ್ಜಿ ಪತ್ತೆಹಚ್ಚುವ ಚರ್ಮತಜ್ಞರ ಪ್ಯಾಚ್ ಪರೀಕ್ಷೆ ಬೊಟ್ಟುಮಾಡಿದ್ದು ಬೀಟೈನ್‌ನಲ್ಲಿ ಉಳಿಯುವ ಅಮಿಡೋಅಮೈನ್ ಕಲ್ಮಶದತ್ತ. ಆ ಕಲ್ಮಶ ತೀರ ಕಡಿಮೆಯಿರುವ ದರ್ಜೆಯನ್ನೇ ಈಗ ತರಿಸುತ್ತೇನೆ. ಆ ಸಹೋದ್ಯೋಗಿಗೆ ಮಾತ್ರ ಬೀಟೈನ್ ಇರುವ ಯಾವ ಮಾದರಿಯನ್ನೂ ಕೊಡುವುದಿಲ್ಲ.